ಬ್ಯಾಸ್ ಮೀನಿನ ಬೇಟೆಗೆ ತಕ್ಕ ಜಲಸಸ್ಯ ಯಾವುದು?

ಮೀನು ಹಿಡಿಯುವುದು ಕೆಲವರಿಗೆ ಹೊಟ್ಟೆಪಾಡಿನ ಕಸುಬು, ಕೆಲವರಿಗೆ ವಿನೋದ. ಈ ಎರಡಕ್ಕೂ ಇರುವ ಭೇದವನ್ನು ಕನ್ನಡನಾಡು ಬಹಳ ಹಿಂದೆಯೇ ಬಲ್ಲದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಮೀಸಲಾದ ಅಧ್ಯಾಯವೊಂದುಂಟು. ಮೀನಿನ ಜಾತಿಗಳು, ಅವುಗಳನ್ನು ಸೆಳೆಯಲು ಹಾಕಬೇಕಾದ ಆಹಾರ, ಗಾಳ, ದಾರ, ಕೋಲುಗಳ ವಿಚಾರವೆಲ್ಲ ಅಲ್ಲಿ ಬಂದಿದೆ. ಮತ್ಸ್ಯವಿಜ್ಞಾನಿ ಸುಂದರ ಲಾಲ್ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ಕುರಿತು ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದು ವಿದ್ವಾಂಸರ ಗಮನಕ್ಕೆ ತಂದರು.

ಸೋಮೇಶ್ವರನ ಕಾಲದಿಂದ ಇಂದಿನವರೆಗೆ ಗಾಳದ ಉಪಕರಣಗಳು ಗುರುತು ಸಿಗದಷ್ಟು ಬದಲಾಗಿವೆ. ಆದರೆ ಮೀನಿನ ಸ್ವಭಾವವನ್ನು ಅರಿತವನಿಗೇ ಮೀನು ದೊರೆಯುವುದೆಂಬ ಮೂಲತತ್ತ್ವವು ಬದಲಾಗಿಲ್ಲ. ಈ ವಿನೋದವು ಇಂದು ಒಂದು ಶಾಸ್ತ್ರದಷ್ಟು ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅದರ ಕೇಂದ್ರದಲ್ಲಿರುವುದು ಬ್ಯಾಸ್ ಎಂಬ ಸಿಹಿನೀರಿನ ಮೀನು. ಸೋಮೇಶ್ವರನು ಮೀನಿನ ಆಹಾರಕ್ಕೆ ಕೊಟ್ಟ ಗಮನವನ್ನು ಬ್ಯಾಸ್ ಬೇಟೆಗಾರರು ಅದರ ಮನೆಗೆ, ಎಂದರೆ ನೀರಿನಲ್ಲಿ ಬೆಳೆಯುವ ಗಿಡಗಳಿಗೆ, ಕೊಡುತ್ತಾರೆ. ಯಾವ ಗಿಡದ ಬಳಿ ಗಾಳ ಹಾಕಬೇಕು? ಬ್ಯಾಸಿಗೆ ಅತ್ಯುತ್ತಮವಾದ ಜಲಸಸ್ಯ ಯಾವುದು?

ಮೇಲ್ನೋಟಕ್ಕೆ ಇದು ದೂರದೇಶದ ಹವ್ಯಾಸಿಗಳ ಚರ್ಚೆ. ಆದರೆ ಆ ದೇಶದಲ್ಲಿ ಈ ಪ್ರಶ್ನೆಯು ಸರಕಾರಗಳನ್ನೂ ವಿಶ್ವವಿದ್ಯಾಲಯಗಳನ್ನೂ ಸರೋವರಗಳ ದಂಡೆಯ ನಿವಾಸಿಗಳನ್ನೂ ವಿವಾದಕ್ಕೆ ಎಳೆದಿದೆ. ಆ ವಿವಾದದ ನಡುವೆ ನಿಂತಿರುವ ಗಿಡವೋ ನಮ್ಮ ಕೆರೆಗಳದು. ಆದುದರಿಂದ ಈ ವಿಷಯವನ್ನು ನಾವು ಕೊಂಚ ವಿವರವಾಗಿ ನೋಡುವುದು ವ್ಯರ್ಥವಾಗಲಾರದು.

೧. ಮೀನಿನ ಸ್ವಭಾವ

ಬ್ಯಾಸ್ ಎಂಬ ಹೆಸರು ಹಲವು ಬಗೆಯ ಮೀನುಗಳಿಗೆ ಸಲ್ಲುತ್ತದೆ. ಇಲ್ಲಿ ಹೇಳುತ್ತಿರುವುದು ‘ದೊಡ್ಡಬಾಯಿ’ ಎಂಬ ವಿಶೇಷಣವನ್ನು ಪಡೆದ ಲಾರ್ಜ್‌ಮೌತ್ ಬ್ಯಾಸನ್ನು ಕುರಿತು. ಇದು ಮೈಕ್ರಾಪ್ಟೆರಸ್ ಎಂಬ ಕುಲಕ್ಕೆ ಸೇರಿದ್ದು. ಸನ್‌ಫಿಶ್ ಎಂಬ ದೊಡ್ಡ ಕುಟುಂಬದ ಸದಸ್ಯ. ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯಭಾಗಗಳು ಇದರ ತವರು. ಹಸಿರು ಮೈ, ಪಕ್ಕದಲ್ಲಿ ಉದ್ದಕ್ಕೆ ಹರಿದ ಕಪ್ಪು ಪಟ್ಟಿ, ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿದ ಮೇಲ್ದವಡೆ—ಇವು ಇದರ ಗುರುತುಗಳು. ಫ್ಲಾರಿಡಾದ ಬ್ಯಾಸನ್ನು ಮೊದಲು ಇದರ ಉಪಜಾತಿಯೆಂದು ಎಣಿಸುತ್ತಿದ್ದರು. ೨೦೨೨ರಲ್ಲಿ ಪ್ರಕಟವಾದ ತಳಿಶಾಸ್ತ್ರೀಯ ಅಧ್ಯಯನವು ಅದು ಬೇರೆಯೇ ಆದ ಜಾತಿಯೆಂದು ತೋರಿಸಿತು. ಬೇಟೆಯ ದೃಷ್ಟಿಯಿಂದ ಎರಡರ ನಡವಳಿಕೆಯೂ ಬಹುಮಟ್ಟಿಗೆ ಒಂದೇ.

ವೈದ್ಯರಾಗಿದ್ದ ಜೇಮ್ಸ್ ಹೆನ್ಷಾಲ್ ೧೮೮೧ರಲ್ಲಿ ಈ ಮೀನನ್ನೇ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ೧೯೩೨ರಲ್ಲಿ ಜಾರ್ಜಿಯಾ ಸಂಸ್ಥಾನದಲ್ಲಿ ಜಾರ್ಜ್ ಪೆರ್ರಿ ಎಂಬವರು ಹಿಡಿದ ೨೨ ಪೌಂಡು ೪ ಔನ್ಸಿನ, ಎಂದರೆ ಸುಮಾರು ೧೦ ಕಿಲೋಗ್ರಾಮಿನ ಬ್ಯಾಸು ಎಪ್ಪತ್ತೇಳು ವರ್ಷ ಏಕಮೇವ ವಿಶ್ವದಾಖಲೆಯಾಗಿ ಉಳಿಯಿತು. ೨೦೦೯ರಲ್ಲಿ ಅದಕ್ಕೆ ಸಮನಾದ ಮೀನು ಸಿಕ್ಕಿದ್ದು ಅಮೆರಿಕದಲ್ಲಲ್ಲ, ಜಪಾನಿನ ಬಿವಾ ಸರೋವರದಲ್ಲಿ. ಅಲ್ಲಿಗೆ ಬ್ಯಾಸೇ ಪರದೇಶಿ. ಅಲ್ಲಿನ ಮೂಲ ಮೀನುಗಳಿಗೆ ಅದು ಕಂಟಕವಾಗಿದೆ. ಒಂದು ನೀರಿನ ಐಶ್ವರ್ಯವು ಮತ್ತೊಂದು ನೀರಿನ ಪೀಡೆಯಾಗಬಹುದೆಂಬ ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಗಿಡದ ವಿಷಯದಲ್ಲಿಯೂ ಇದೇ ಮಾತು ಬರುತ್ತದೆ.

ಬ್ಯಾಸು ಹೊಂಚುಗಾರ. ದೂರದವರೆಗೆ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದು ಅದರ ರೀತಿಯಲ್ಲ. ನೆರಳಿನಲ್ಲಿ ಅಲುಗಾಡದೆ ನಿಂತಿದ್ದು, ಎದುರಿನ ಬೆಳಕಿನಲ್ಲಿ ಸಣ್ಣ ಮೀನೋ ಕಪ್ಪೆಯೋ ಕ್ರೇಫಿಶ್ಶೋ ಸುಳಿದರೆ ಒಮ್ಮೆಲೇ ಎರಗಿ ಬಾಯಿ ತೆರೆದು ನೀರಿನ ಸಮೇತ ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಕೆರೆಗಳಲ್ಲಿ ಹಾವುತಲೆಯ ಕೊರವ ಮೀನು ಗಿಡಗಳ ಮರೆಯಲ್ಲಿ ಕಾದು ಕಪ್ಪೆಯ ಮೇಲೆ ಎರಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಎರಡಕ್ಕೂ ವಂಶಸಂಬಂಧವಿಲ್ಲ, ಕಸುಬು ಮಾತ್ರ ಒಂದೇ. ಇಂತಹ ಜೀವಿಗೆ ಬೇಕಾದುದು ಮೂರು: ತಾನು ಅಡಗುವುದಕ್ಕೆ ಮರೆ, ಬೇಟೆಯು ಸುಳಿದಾಡುವ ಬಯಲು, ಇವೆರಡೂ ಕೂಡುವ ಅಂಚು. ಜಲಸಸ್ಯವನ್ನು ಆರಿಸುವ ವಿದ್ಯೆಯೆಲ್ಲ ಈ ಅಂಚನ್ನು ಹುಡುಕುವ ವಿದ್ಯೆಯೇ ಆಗಿದೆ.

೨. ದಟ್ಟಣೆಯ ಪ್ರಶ್ನೆ

ಗಿಡ ಹೆಚ್ಚಿದಷ್ಟೂ ಮೀನು ಹೆಚ್ಚು ಎಂಬುದು ಸಾಮಾನ್ಯರ ನಂಬಿಕೆ. ಇದು ಅರ್ಧಸತ್ಯ. ೧೯೮೨ರಲ್ಲಿ ಸವಿನೊ ಮತ್ತು ಸ್ಟೈನ್ ಎಂಬ ಸಂಶೋಧಕರು ತೊಟ್ಟಿಗಳಲ್ಲಿ ಕೃತಕ ದಂಟುಗಳನ್ನು ನೆಟ್ಟು, ಬ್ಯಾಸನ್ನೂ ಅದರ ಆಹಾರವಾದ ಬ್ಲೂಗಿಲ್ ಎಂಬ ಸಣ್ಣ ಮೀನನ್ನೂ ಒಟ್ಟಿಗೆ ಬಿಟ್ಟು ಪರೀಕ್ಷಿಸಿದರು. ಒಂದು ತೊಟ್ಟಿ ಬರಿದು. ಉಳಿದವುಗಳಲ್ಲಿ ಚದರ ಮೀಟರಿಗೆ ೫೦, ೨೫೦, ೧,೦೦೦ ದಂಟುಗಳು. ಬರಿದಾದ ನೀರಿನಲ್ಲಿಯೂ ೫೦ ದಂಟುಗಳ ನಡುವೆಯೂ ಬ್ಯಾಸು ಯಥೇಷ್ಟವಾಗಿ ಬೇಟೆಯಾಡಿತು. ದಂಟುಗಳು ೨೫೦ಕ್ಕೂ ೧,೦೦೦ಕ್ಕೂ ಏರಿದಾಗ ಅದರ ಬೇಟೆ ಕುಗ್ಗಿತು. ಸುತ್ತಾಡಿ ಹುಡುಕುವುದನ್ನು ಬಿಟ್ಟು ಅದು ಹೊಂಚುಹಾಕುವುದಕ್ಕೆ ತೊಡಗಿತು. ಗಿಡವು ಬೇಟೆಗಾರನಿಗೆ ಮರೆಯಾಗುವಂತೆ ಬೇಟೆಗೂ ಕೋಟೆಯಾಗುತ್ತದೆಂಬುದು ಇದರಿಂದ ಸ್ಪಷ್ಟವಾಯಿತು.

ಹೊರಗಿನ ನೀರುಗಳಲ್ಲಿ ನಡೆದ ಅಧ್ಯಯನಗಳೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಟೆಕ್ಸಾಸಿನ ಜಲಾಶಯಗಳನ್ನು ಕುರಿತು ೧೯೮೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಳುಗಿ ಬೆಳೆಯುವ ಗಿಡಗಳು ನೀರಿನ ಹರವಿನ ಶೇಕಡ ೨೦ರಷ್ಟನ್ನು ಆವರಿಸುವವರೆಗೆ ಗಿಡ ಹೆಚ್ಚಿದಂತೆ ಬ್ಯಾಸೂ ಹೆಚ್ಚುವುದು ಕಂಡುಬಂದಿತು. ಅದೇ ವರ್ಷ ಇಲಿನಾಯ್ ಸಂಸ್ಥಾನದ ಕೊಳಗಳ ಅಧ್ಯಯನವು, ಗಿಡ ತೀರ ಕಡಮೆಯೂ ತೀರ ಹೆಚ್ಚೂ ಅಲ್ಲದ ಮಧ್ಯಮ ಸ್ಥಿತಿಯಲ್ಲಿ ಬ್ಯಾಸಿನ ಉತ್ಪತ್ತಿ ಗರಿಷ್ಠವೆಂದು ತೋರಿಸಿತು. ಫ್ಲಾರಿಡಾದಲ್ಲಿ ಕಾಲ್ ಮತ್ತು ಶೈರ್‌ಮನ್ ೧೯೮೦ರಲ್ಲಿ ವರದಿ ಮಾಡಿದಂತೆ, ಗಿಡದ ಹರವು ಶೇಕಡ ೩೦ನ್ನು ದಾಟಿದ ಸರೋವರಗಳಲ್ಲಿ ದೊಡ್ಡ ಬ್ಯಾಸುಗಳು ಬಡಕಲಾದುವು. ಕಣ್ಣೆದುರಿಗೆ ಆಹಾರವಿದ್ದೂ ಅವು ಅದನ್ನು ಹಿಡಿಯಲಾರದಾದುವು.

ಆದುದರಿಂದ ನೀರಿನ ಹರವಿನ ಐದನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಗಿಡವಿರುವುದು ಬ್ಯಾಸಿಗೆ ಹಿತವೆಂದು ಸ್ಥೂಲವಾಗಿ ಹೇಳಬಹುದು. ಆದರೆ ಈ ಲೆಕ್ಕ ಮಾತ್ರ ಸಾಲದು. ಅದೇ ಗಿಡವು ಒಂದೇ ಹಾಸಿನಂತೆ ಹಬ್ಬಿದ್ದರೆ ಅಂಚು ಕಡಮೆ. ತುಂಡುತುಂಡಾಗಿ, ನಡುನಡುವೆ ಓಣಿಗಳಿದ್ದು ಬೆಳೆದಿದ್ದರೆ ಅಂಚು ಹೆಚ್ಚು. ವಿಸ್ಕಾನ್ಸಿನ್ ಸಂಸ್ಥಾನದ ಕೆಲವು ಸರೋವರಗಳಲ್ಲಿ ದಟ್ಟವಾದ ಗಿಡಗಳ ನಡುವೆ ಯಂತ್ರದಿಂದ ಉದ್ದುದ್ದ ಓಣಿಗಳನ್ನು ಕೊಯ್ದು ನೋಡಿದಾಗ, ಕೆಲವು ವಯಸ್ಸಿನ ಬ್ಯಾಸು ಮತ್ತು ಬ್ಲೂಗಿಲ್ ಮೀನುಗಳು ಹೆಚ್ಚು ವೇಗವಾಗಿ ಬೆಳೆದುದು ೧೯೯೮ರಲ್ಲಿ ಪ್ರಕಟವಾಯಿತು. ಅಲ್ಲಿ ಗಿಡವನ್ನು ಕಿತ್ತುಹಾಕಲಿಲ್ಲ, ಅದಕ್ಕೆ ಅಂಚುಗಳನ್ನು ಮಾಡಿಕೊಟ್ಟರು.

೩. ಗಿಡಗಳ ನಾಲ್ಕು ವರ್ಗಗಳು

ಬ್ಯಾಸಿರುವ ನೀರುಗಳ ಗಿಡಗಳನ್ನು ನಾಲ್ಕು ವರ್ಗಗಳಲ್ಲಿ ಅಡಕಮಾಡಬಹುದು.

ಮೊದಲನೆಯವು ಬುಡ ನೀರಿನಲ್ಲಿದ್ದು ತಲೆ ಮೇಲೇಳುವ ಗಿಡಗಳು. ನಮ್ಮ ಕೆರೆಯಂಚಿನ ಜೊಂಡಿನ ಜಾತಿಯವೂ, ಬಲ್‌ರಷ್ ಎಂಬ ದುಂಡುದಂಟಿನ ಜಂಬೂ ಇವುಗಳಲ್ಲಿ ಮುಖ್ಯ. ಇವು ಬೇಟೆಗಾರನಿಗೆ ತಳದ ಮಣ್ಣಿನ ಸುದ್ದಿಯನ್ನು ಹೇಳುತ್ತವೆ. ಜೊಂಡು ಮೆತ್ತನೆಯ ಕೆಸರಿನಲ್ಲಿ ಸೊಕ್ಕಿ ಬೆಳೆಯುತ್ತದೆ. ಬಲ್‌ರಷ್ ಇರುವಲ್ಲಿ ತಳವು ಸಾಮಾನ್ಯವಾಗಿ ಗಟ್ಟಿಮರಳು. ವಸಂತದಲ್ಲಿ ನೀರಿನ ಉಷ್ಣತೆ ೧೫ ಸೆಂಟಿಗ್ರೇಡನ್ನು ದಾಟಿ ಏರತೊಡಗಿದಾಗ ಗಂಡು ಬ್ಯಾಸು ತೀರಕ್ಕೆ ಬಂದು, ಗಟ್ಟಿ ನೆಲವನ್ನು ಬಾಲದಿಂದ ಗುಡಿಸಿ ತಟ್ಟೆಯಾಕಾರದ ಗೂಡನ್ನು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದಮೇಲೆ ಮೊಟ್ಟೆಮರಿಗಳನ್ನು ಕಾಯುವುದೂ ಗಂಡೇ. ಆದುದರಿಂದ ಆ ಋತುವಿನಲ್ಲಿ ಬಲ್‌ರಷ್ ಜೊಂಡಿಗಿಂತ ಮೇಲು. ಫ್ಲಾರಿಡಾದ ಓಕಿಚೋಬಿಯಂತಹ ಆಳವಿಲ್ಲದ ಸರೋವರದಲ್ಲಿ ಈ ವರ್ಗದ ಗಿಡಗಳೇ ಬೇಟೆಯ ಮುಖ್ಯ ನೆಲೆಗಳು. ಗೂಡು ಕಾಯುವ ಗಂಡನ್ನು ಹಿಡಿದರೆ ಮರಿಗಳು ಇತರ ಮೀನುಗಳ ಪಾಲಾಗುವುದರಿಂದ, ವಿವೇಕಿಯಾದ ಗಾಳಗಾರನು ಅದನ್ನು ಒಡನೆಯೇ ಅಲ್ಲಿಯೇ ಬಿಟ್ಟುಬಿಡುತ್ತಾನೆ.

ಎರಡನೆಯವು ಬೇರು ನೆಲದಲ್ಲಿದ್ದು ಎಲೆ ಮಾತ್ರ ನೀರಿನ ಮೇಲೆ ಹಾಸುವ ಗಿಡಗಳು: ನೈದಿಲೆಗಳು, ಹಳದಿ ಹೂವಿನ ನ್ಯೂಫರ್, ಅಮೆರಿಕದ ಹಳದಿ ತಾವರೆ. ಎಲೆಯ ಕೆಳಗೆ ತಂಪಾದ ನೆರಳು. ದಂಟುಗಳು ವಿರಳವಾದುದರಿಂದ ಬ್ಯಾಸು ಸಲೀಸಾಗಿ ಓಡಾಡಬಲ್ಲದು. ಎಲೆಯ ಮೇಲೆ ಕಪ್ಪೆ, ಕೆಳಗೆ ಹುಳುಹುಪ್ಪಟೆ. ಬೇಸಗೆಯ ಹಗಲಿಗೆ ಇದು ಒಳ್ಳೆಯ ಮನೆ. ಕೊರತೆಯೆಂದರೆ ಇಂತಹ ಎಲೆಹಾಸು ಎಕರೆಗಟ್ಟಲೆ ಒಂದೇ ರೂಪಾಗಿರುತ್ತದೆ. ಮೀನು ಎಲ್ಲಿದೆಯೆಂದು ತಿಳಿಯುವುದು ಕಷ್ಟ. ಹಾಸು ನೀರಿನೊಳಕ್ಕೆ ಮೂಗಿನಂತೆ ಚಾಚಿದಲ್ಲಿ, ನಡುವೆ ಬಯಲುಬಿದ್ದಲ್ಲಿ, ಬೇರೊಂದು ಗಿಡದೊಡನೆ ಬೆರೆತಲ್ಲಿ ಗಾಳ ಹಾಕಬೇಕು.

ಮೂರನೆಯವು ನೆಲದ ಹಂಗಿಲ್ಲದೆ ತೇಲುವ ಗಿಡಗಳು. ಅಂತರಗಂಗೆಯೂ, ದಕ್ಷಿಣ ಅಮೆರಿಕದಿಂದ ಬಂದು ಜಗತ್ತನ್ನೆಲ್ಲ ಮುತ್ತಿದ ನೀಲಿಹೂವಿನ ವಾಟರ್ ಹಯಸಿಂತೂ ಈ ವರ್ಗದವು. ಇವುಗಳ ಜೋಲುಬೇರುಗಳಲ್ಲಿ ಸಣ್ಣ ಜೀವಿಗಳು ನೆಲೆಸುವುದರಿಂದ ಹಾಸಿನ ಅಂಚಿನಲ್ಲಿ ಬ್ಯಾಸು ದೊರೆಯುವುದುಂಟು. ಆದರೆ ಹಾಸು ಹರಡಿ ದಪ್ಪವಾದಾಗ ಗಾಳಿಗೂ ನೀರಿಗೂ ಸಂಪರ್ಕ ತಪ್ಪಿ, ಒಳಭಾಗದ ನೀರಿನಲ್ಲಿ ಆಮ್ಲಜನಕ ಕಡಮೆಯಾಗುತ್ತದೆ. ಗಾಳಿ ಬೀಸಿದತ್ತ ಹಾಸೇ ಹೊರಟುಹೋಗುವುದರಿಂದ ನಿನ್ನೆಯ ನೆಲೆ ಇಂದಿಲ್ಲ.

ನಾಲ್ಕನೆಯ ವರ್ಗ ಮುಳುಗಿ ಬೆಳೆಯುವ ಗಿಡಗಳದು. ಬ್ಯಾಸಿನ ಬೇಟೆಗೆ ಇವು ಮಿಕ್ಕವುಗಳಿಗಿಂತ ಮುಖ್ಯವಾದುದರಿಂದ ಇವನ್ನು ಬಿಡಿಬಿಡಿಯಾಗಿ ನೋಡಬೇಕು.

ಮಿನ್ನೆಸೋಟ, ವಿಸ್ಕಾನ್ಸಿನ್ ಮುಂತಾದ ಉತ್ತರದ ಸಂಸ್ಥಾನಗಳಲ್ಲಿ ಅಗಲ ಎಲೆಯ ಪೊಟಮೊಜೆಟನ್ ಗಿಡಗಳುಂಟು. ಬೇಟೆಗಾರರು ಪ್ರೀತಿಯಿಂದ ಇವನ್ನು ‘ಕೋಸು’ ಎಂದು ಕರೆಯುತ್ತಾರೆ. ದಂಟು ನೆಟ್ಟಗೆ ಏರುತ್ತದೆ, ದಂಟಿಗೂ ದಂಟಿಗೂ ನಡುವೆ ಮೀನು ತಿರುಗುವಷ್ಟು ಅವಕಾಶವಿರುತ್ತದೆ. ಮರೆಯೂ ಬಯಲೂ ಒಂದೇ ಗಿಡದಲ್ಲಿ ಸೇರಿದ ಉದಾಹರಣೆ ಇದು. ಸೆರಟೋಫಿಲಮ್ ಬೇರಿಲ್ಲದ ಗಿಡ. ನರಿಯ ಬಾಲದಂತೆ ತುಪ್ಪುಳು ತುಪ್ಪುಳಾಗಿರುತ್ತದೆ. ಚಳಿಗಾಲ ಸಮೀಪಿಸಿ ಇತರ ಗಿಡಗಳು ಕೊಳೆಯುವಾಗಲೂ ಇದು ಹಸಿರಾಗಿ ಉಳಿಯುವುದರಿಂದ, ಶರತ್ಕಾಲದ ಕೊನೆಯಲ್ಲಿ ಇದರ ಬೆಲೆ ಹೆಚ್ಚು. ವ್ಯಾಲಿಸ್‌ನೇರಿಯ ಉದ್ದನೆಯ ನಾಡದಂತಹ ಎಲೆಯುಳ್ಳದ್ದು. ಗಟ್ಟಿ ನೆಲವನ್ನು ಮೆಚ್ಚುವುದು. ನೀರಿನ ಹರಿವಿನೊಡನೆ ಬಾಗಿ, ಗಾಳವು ತೊಡಕಿಕೊಳ್ಳದೆ ಜಾರಿಬರುವಂತೆ ದಾರಿ ಕೊಡುವುದು. ಫ್ಲಾರಿಡಾದ ನದಿ ಸರೋವರಗಳಲ್ಲಿ ಇದು ದೇಶೀಯ ಗಿಡಗಳ ಪೈಕಿ ಗಣ್ಯ. ಯುರೇಷಿಯದಿಂದ ಬಂದ ಮಿಲ್‌ಫಾಯಿಲ್ ಗರಿಯಂತಹ ಎಲೆಯುಳ್ಳದ್ದು. ನೀರಿನ ಮೇಲ್ಮಟ್ಟಕ್ಕೆ ಬಂದಮೇಲೆ ಅಡ್ಡಲಾಗಿ ಹರಡಿ ಚಪ್ಪರ ಹಾಕುತ್ತದೆ. ಕೊನೆಯದು ಹೈಡ್ರಿಲ್ಲ. ಅದೂ ಚಪ್ಪರದ ಗಿಡವೇ. ಮಿಲ್‌ಫಾಯಿಲಿಗಿಂತ ಗಟ್ಟಿ, ಅದಕ್ಕಿಂತ ಆಳದಿಂದ ಏರಬಲ್ಲದು.

ಈ ಚಪ್ಪರದ ರಚನೆಯನ್ನು ತಿಳಿದುಕೊಳ್ಳಬೇಕು. ಮೇಲಿನಿಂದ ನೋಡಿದರೆ ನುಗ್ಗಲಾಗದ ಹಸಿರು ಗೋಡೆ. ಆದರೆ ಗಿಡದ ಸೊಪ್ಪಿನ ಬಹುಭಾಗವೆಲ್ಲ ಮೇಲಿನ ಒಂದೆರಡು ಅಡಿಯಲ್ಲಿಯೇ ಇರುತ್ತದೆ. ಕೆಳಗೆ ಬರಿಯ ದಂಟುಗಳ ಕಂಬಸಾಲು. ಆ ಕಂಬಸಾಲಿನ ಮಂಟಪದಲ್ಲಿ ದೊಡ್ಡ ಬ್ಯಾಸುಗಳು ತಂಗುತ್ತವೆ. ಅಲ್ಲಿಗೆ ಗಾಳ ಮುಟ್ಟಬೇಕಾದರೆ ಭಾರವಾದ ಗುಂಡನ್ನು ಕಟ್ಟಿ ಚಪ್ಪರವನ್ನು ತೂತುಮಾಡಬೇಕು. ಇಲ್ಲವೆ ಮೇಲೆ ರಬ್ಬರಿನ ಹುಸಿಕಪ್ಪೆಯನ್ನು ಎಳೆದು, ಕೆಳಗಿನಿಂದ ಮೀನೇ ಚಪ್ಪರವನ್ನು ಸೀಳಿಕೊಂಡು ಬರುವಂತೆ ಮಾಡಬೇಕು. ಗಾಳದ ಮೊನೆಯನ್ನು ಎರೆಯೊಳಗೆ ಹುದುಗಿಸಿ ಗಿಡಕ್ಕೆ ತೊಡಕದಂತೆ ಕಟ್ಟುವ ಕ್ರಮವೂ ಇಂತಹ ಸ್ಥಳಗಳಿಗಾಗಿಯೇ ಬಳಕೆಗೆ ಬಂದಿತು.

೪. ಆಯ್ಕೆಯ ಲಕ್ಷಣಗಳು

ಗಿಡದ ಹೆಸರಿಗಿಂತ ಅದರ ಸ್ಥಿತಿ ಮುಖ್ಯ. ಒಂದೇ ಸರೋವರದಲ್ಲಿ, ಒಂದೇ ಜಾತಿಯ ಗಿಡ, ಒಂದು ಕಡೆ ಮೀನುಗಳಿಂದ ತುಂಬಿರುತ್ತದೆ, ನೂರು ಗಜದಾಚೆ ಬರಿದಾಗಿರುತ್ತದೆ. ಈ ಭೇದಕ್ಕೆ ಕಾರಣವಾಗುವ ಲಕ್ಷಣಗಳು ಹೀಗಿವೆ.

ಗಿಡ ಜೀವಂತವಾಗಿರಬೇಕು. ಹಸಿರು ಗಿಡವು ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ. ಕೊಳೆಯುವ ಗಿಡವು ಅದನ್ನು ಹೀರಿಬಿಡುತ್ತದೆ. ಕಳೆನಾಶಕ ಸಿಂಪಡಿಸಿದ ಮೇಲೆ ಕಂದುಬಣ್ಣಕ್ಕೆ ತಿರುಗಿದ ಹಾಸುಗಳಿಂದ ಬ್ಯಾಸು ದೂರಸರಿಯುವುದಕ್ಕೆ ಇದೇ ಕಾರಣ. ಹಸಿರು ಗಿಡವೂ ರಾತ್ರಿಯಲ್ಲಿ ಉಸಿರಾಡುವುದರಿಂದ, ಬಹಳ ದಟ್ಟವಾದ ಹಾಸಿನೊಳಗೆ ಬೆಳಗಿನ ಜಾವಕ್ಕೆ ಆಮ್ಲಜನಕ ಅತ್ಯಲ್ಪವಾಗಿರುತ್ತದೆ. ಆ ಹೊತ್ತಿನಲ್ಲಿ ಹೊರ ಅಂಚೇ ಲೇಸು, ಬಿಸಿಲೇರಿದ ಮೇಲೆ ಒಳಭಾಗ.

ಆಳ ಸಮೀಪದಲ್ಲಿರಬೇಕು. ಗಿಡದ ಸಾಲು ಮುಗಿಯುವಲ್ಲಿ ತಳವು ಒಮ್ಮೆಲೇ ಇಳಿದಿದ್ದರೆ, ಬ್ಯಾಸು ಬಿಸಿಲು ಚಳಿಗಳಿಗೆ ತಕ್ಕಂತೆ ಮೇಲೆ ಕೆಳಗೆ ಸರಿಯಬಲ್ಲದು. ಗಿಡವು ಎಷ್ಟು ಆಳದವರೆಗೆ ಇಳಿಯುವುದೆಂಬುದನ್ನು ಬೆಳಕು ತೀರ್ಮಾನಿಸುತ್ತದೆ. ತಿಳಿನೀರಿನಲ್ಲಿ ಹೊರ ಅಂಚು ಬಹಳ ಆಳದಲ್ಲಿರುತ್ತದೆ, ಕದಡಿದ ನೀರಿನಲ್ಲಿ ದಂಡೆಯ ಸಮೀಪ. ಹೊರ ಅಂಚಿನಂತೆ ಒಳ ಅಂಚೂ ಉಂಟು; ಗಿಡಕ್ಕೂ ದಂಡೆಗೂ ನಡುವಣ ಆ ಬಯಲು ಪಟ್ಟಿಯು ಮೊಟ್ಟೆಯಿಡುವ ಕಾಲದಲ್ಲಿ ಪ್ರಯೋಜನಕ್ಕೆ ಬರುತ್ತದೆ.

ಎರಡು ಜಾತಿಗಳು ಕೂಡಬೇಕು. ಜೊಂಡಿನ ಮುಂದೆ ವ್ಯಾಲಿಸ್‌ನೇರಿಯ, ನೈದಿಲೆಯ ನಡುವೆ ಸೆರಟೋಫಿಲಮ್—ಹೀಗೆ ಎಲೆಯ ಅಳತೆ, ದಂಟಿನ ಎತ್ತರ ಬದಲಾಗುವಲ್ಲಿ ಅಂಚಿನೊಳಗೊಂದು ಅಂಚು ಹುಟ್ಟುತ್ತದೆ. ಎಲ್ಲೆಡೆಯೂ ಒಂದೇ ಗಿಡವಿರುವಾಗ ಮೀನು ಎಲ್ಲಾದರೂ ಇರಬಹುದು. ಭಿನ್ನವಾದ ಗಿಡವೊಂದು ಎದ್ದ ಕಡೆ ಅದು ಇರುವ ಸಂಭವ ಹೆಚ್ಚು.

ದಾರದಂತಹ ಪಾಚಿ ಮುಸುಕಿದ ಗಿಡವನ್ನು ಬಿಟ್ಟು ಮುಂದೆ ಹೋಗುವುದೇ ಮೇಲು. ಅದು ಎಲೆಗೆ ಬೆಳಕನ್ನು ತಡೆಯುತ್ತದೆ, ಗಾಳಕ್ಕೂ ಮೆತ್ತಿಕೊಳ್ಳುತ್ತದೆ.

೫. ನಮ್ಮ ಕೆರೆಯ ಗಿಡ ಅಮೆರಿಕದಲ್ಲಿ

ಈ ಲಕ್ಷಣಗಳನ್ನೆಲ್ಲ ಬಲ್ಲ ಅಮೆರಿಕದ ಬೇಟೆಗಾರನನ್ನು, ವಿಶೇಷವಾಗಿ ದಕ್ಷಿಣದ ಸಂಸ್ಥಾನಗಳವನನ್ನು, ಅತ್ಯುತ್ತಮ ಗಿಡ ಯಾವುದೆಂದು ಕೇಳಿದರೆ ಅವನು ಅನೇಕವೇಳೆ ಹೈಡ್ರಿಲ್ಲದ ಹೆಸರನ್ನು ಹೇಳುತ್ತಾನೆ. ಸಸ್ಯವಿಜ್ಞಾನಿಯನ್ನು ಕೇಳಿದರೆ, ಆ ದೇಶದ ಸಿಹಿನೀರಿನ ಅತ್ಯಂತ ಕೆಟ್ಟ ಕಳೆ ಯಾವುದೆಂಬ ಪ್ರಶ್ನೆಗೆ ಅದೇ ಹೆಸರನ್ನು ಹೇಳುತ್ತಾನೆ.

ಹೈಡ್ರಿಲ್ಲವು ನಮ್ಮ ದೇಶದ ಕೆರೆ ಕಾಲುವೆಗಳಲ್ಲಿ ತಾನಾಗಿ ಬೆಳೆಯುವ ಗಿಡ. ಶಾಲೆಗಳಲ್ಲಿ ಗಾಜಿನ ಆಲಿಕೆಯ ಕೆಳಗೆ ಇದನ್ನಿಟ್ಟು, ಬಿಸಿಲಿನಲ್ಲಿ ಗುಳ್ಳೆಗಳೇಳುವುದನ್ನು ತೋರಿಸಿ ದ್ಯುತಿಸಂಶ್ಲೇಷಣೆಯನ್ನು ಕಲಿಸುವ ಪ್ರಯೋಗವು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ೧೯೫೦ರ ದಶಕದ ಮೊದಲಲ್ಲಿ ಇದು ಸಾಕುಮೀನಿನ ತೊಟ್ಟಿಯ ಅಲಂಕಾರಕ್ಕಾಗಿ ಸಿಂಹಳದಿಂದ ಫ್ಲಾರಿಡಾಕ್ಕೆ ಹೋಯಿತು. ೧೯೬೦ರ ವೇಳೆಗೆ ಅಲ್ಲಿನ ತೆರೆದ ನೀರುಗಳಲ್ಲಿ ಕಾಣಿಸಿಕೊಂಡಿತು. ೧೯೯೭ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನವೊಂದರಲ್ಲಿ ಜಗತ್ತಿನ ನಾನಾಕಡೆಯ ಹೈಡ್ರಿಲ್ಲ ಮಾದರಿಗಳನ್ನು ಹೋಲಿಸಿ ನೋಡಿದಾಗ, ಈ ಫ್ಲಾರಿಡಾದ ತಳಿಗೆ ಅತಿ ಸಮೀಪವಾಗಿ ನಿಂತದ್ದು ಬೆಂಗಳೂರಿನಿಂದ ಪಡೆದ ಮಾದರಿ. ಆ ತಳಿಯಲ್ಲಿ ಗಂಡು ಹೆಣ್ಣು ಗಿಡಗಳು ಬೇರೆಬೇರೆ. ಅಮೆರಿಕಕ್ಕೆ ಹೋದದ್ದು ಹೆಣ್ಣು ಮಾತ್ರ. ಬೀಜವಿಲ್ಲದೆಯೇ, ತುಂಡುಗಳಿಂದಲೂ ಕೆಸರಿನೊಳಗಿನ ಪುಟ್ಟ ಗೆಡ್ಡೆಗಳಿಂದಲೂ ಅದು ದಕ್ಷಿಣದ ಸಂಸ್ಥಾನಗಳನ್ನೆಲ್ಲ ಆವರಿಸಿತು. ಉತ್ತರಕ್ಕೆ ಹಬ್ಬಿದ ಇನ್ನೊಂದು ತಳಿ ಕೊರಿಯದ ಮಾದರಿಗೆ ಸಮೀಪವಾದುದು.

ತವರಿನಲ್ಲಿ ಸಾಧುವಾದ ಗಿಡ ಪರದೇಶದಲ್ಲಿ ಪೀಡೆಯಾದುದೇಕೆ? ತೀರ ಮಂದವಾದ ಬೆಳಕಿನಲ್ಲಿಯೂ ಆಹಾರ ತಯಾರಿಸಬಲ್ಲ ಶಕ್ತಿಯಿಂದ ಅದು ಇತರ ಗಿಡಗಳಿಗಿಂತ ಮುಂಚೆಯೇ ಎಚ್ಚೆತ್ತು, ಆಳದಿಂದ ಏರಿ, ಚಪ್ಪರ ಹಾಕಿ ಕೆಳಗಿನವುಗಳಿಗೆ ಬೆಳಕನ್ನು ತಪ್ಪಿಸುತ್ತದೆ. ಎರಡನೆಯ ಕಾರಣ ಶತ್ರುಗಳ ಅಭಾವ. ೧೯೮೭ರಲ್ಲಿ ಅಮೆರಿಕದ ವಿಜ್ಞಾನಿಗಳು ಭಾರತದಿಂದಲೇ ಎರಡು ಕೀಟಗಳನ್ನು ತರಿಸಿ ಫ್ಲಾರಿಡಾದಲ್ಲಿ ಬಿಟ್ಟರು: ಎಲೆಯನ್ನು ಕೊರೆಯುವ ಒಂದು ನೊಣ, ಗೆಡ್ಡೆಯನ್ನು ತಿನ್ನುವ ಒಂದು ಸೊಂಡಿಲು ಕೀಟ. ನೊಣವು ನೆಲೆಯೂರಿತು, ಸೊಂಡಿಲು ಕೀಟ ನೆಲೆಯೂರಲಿಲ್ಲ. ಅದು ಗೆಡ್ಡೆಯನ್ನು ಮುಟ್ಟಬೇಕಾದರೆ ಕೆರೆಯ ತಳ ಒಣಗಬೇಕು. ನಮ್ಮಲ್ಲಿ ಬೇಸಗೆಯಲ್ಲಿ ಕೆರೆ ಬತ್ತುತ್ತದೆ, ಹುಳುವು ನೆಲಕ್ಕಿಳಿಯುತ್ತದೆ. ವರ್ಷವೆಲ್ಲ ತುಂಬಿರುವ ಫ್ಲಾರಿಡಾದ ಸರೋವರಗಳಲ್ಲಿ ಅದಕ್ಕೆ ಆ ಅವಕಾಶವಿಲ್ಲ. ನಮ್ಮ ರೈತನು ಕೊರತೆಯೆಂದು ಎಣಿಸುವ ಕೆರೆಯ ಬತ್ತುವಿಕೆಯು ಈ ಗಿಡವನ್ನು ಹತೋಟಿಯಲ್ಲಿಡುವ ಕಾರಣಗಳಲ್ಲಿ ಒಂದೆಂಬುದು ಹೀಗೆ ಏಳು ಸಮುದ್ರದಾಚೆ ವ್ಯಕ್ತವಾಯಿತು. ಕಳೆನಾಶಕದ ಯತ್ನವೂ ಪೂರ್ಣಫಲ ಕೊಡಲಿಲ್ಲ. ಫ್ಲೂರಿಡೋನ್ ಎಂಬ ಮುಖ್ಯ ಔಷಧಕ್ಕೆ ಫ್ಲಾರಿಡಾದ ಹೈಡ್ರಿಲ್ಲವು ನಿರೋಧಶಕ್ತಿಯನ್ನು ಪಡೆದಿರುವುದು ೨೦೦೪ರಲ್ಲಿ ವರದಿಯಾಯಿತು.

ಆದರೆ ಇದರಿಂದ ಒಳಿತೇ ಆಗಿಲ್ಲವೆಂದರೆ ಅನ್ಯಾಯವಾದೀತು. ವಾಷಿಂಗ್‌ಟನ್ ನಗರದ ಬಳಿಯ ಪೊಟೊಮ್ಯಾಕ್ ನದಿಯಲ್ಲಿ ಮಾಲಿನ್ಯದಿಂದ ಮುಳುಗುಗಿಡಗಳು ಬಹುಮಟ್ಟಿಗೆ ಅಳಿದುಹೋಗಿದ್ದುವು. ಕೊಳಚೆನೀರಿನ ಶುದ್ಧೀಕರಣ ಸುಧಾರಿಸಿದ ಕಾಲದಲ್ಲಿ, ೧೯೮೨ರಲ್ಲಿ, ಅಲ್ಲಿ ಹೈಡ್ರಿಲ್ಲವು ಕಾಣಿಸಿಕೊಂಡಿತು. ಗಿಡಗಳು ಹಬ್ಬಿದಂತೆ ನೀರು ತಿಳಿಯಾಯಿತು, ದೇಶೀಯ ಸಸ್ಯಗಳೂ ಮರಳಿ ಬಂದುವು, ಬ್ಯಾಸಿನ ಬೇಟೆಗೆ ಆ ನದಿ ಹೆಸರಾಯಿತು. ಟೆಕ್ಸಾಸಿನ ಕಾನ್ರೋ ಜಲಾಶಯದಲ್ಲಿ ಇದಕ್ಕೆ ವ್ಯತಿರಿಕ್ತವಾದುದು ನಡೆಯಿತು. ಅಲ್ಲಿ ಹೈಡ್ರಿಲ್ಲವನ್ನು ನಿರ್ಮೂಲ ಮಾಡಲು ೧೯೮೧–೮೨ರಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಹುಲ್ಲುಗೆಂಡೆ ಮೀನುಗಳನ್ನು ಬಿಟ್ಟರು. ೧೯೮೩ರ ವೇಳೆಗೆ ಮುಳುಗುಗಿಡಗಳೆಲ್ಲ, ಪರಕೀಯವೂ ದೇಶೀಯವೂ ಎಂಬ ಭೇದವಿಲ್ಲದೆ, ಮಾಯವಾದುವು. ಗಿಡಗಳನ್ನು ಆಶ್ರಯಿಸಿದ್ದ ಸಣ್ಣ ಮೀನುಗಳು ಕಡಮೆಯಾಗಿ, ಬಯಲು ನೀರಿನ ಮೀನುಗಳು ಹ��ಚ್ಚಿದುವು. ಬ್ಯಾಸು ನಾಶವಾಗಲಿಲ್ಲ, ಅದರ ಮರಿಗಳು ಬೇಗನೆ ಮೀನು ತಿನ್ನಲು ಕಲಿತು ಮೊದಲ ವರ್ಷದಲ್ಲಿ ವೇಗವಾಗಿಯೇ ಬೆಳೆದುವು. ಆದರೆ ಗಾಳಗಾರನು ಹುಡುಕುತ್ತಿದ್ದ ಅಂಚು ಎಂಬುದೇ ಅಲ್ಲಿ ಉಳಿಯಲಿಲ್ಲ.

ಮೂರನೆಯ ಪ್ರಕರಣ ಇವೆರಡಕ್ಕಿಂತ ಗಂಭೀರವಾದುದು. ೧೯೯೪ರ ಚಳಿಗಾಲದಲ್ಲಿ ಆರ್ಕನ್ಸಾ ಸಂಸ್ಥಾನದ ಡಿಗ್ರೇ ಸರೋವರದ ಬಳಿ ಬಿಳಿತಲೆಯ ಹದ್ದುಗಳು, ಎಂದರೆ ಆ ರಾಷ್ಟ್ರದ ಲಾಂಛನದ ಹಕ್ಕಿಗಳು, ಮಿದುಳು ಕೆಟ್ಟು ಸಾಯತೊಡಗಿದುವು. ಕಾರಣವು ಪೂರ್ಣವಾಗಿ ಬಯಲಾದುದು ೨೦೨೧ರಲ್ಲಿ. ಹೈಡ್ರಿಲ್ಲದ ಎಲೆಯ ಮೇಲೆ ಬೆಳೆಯುವ ಒಂದು ನೀಲಿಹಸಿರು ಸೂಕ್ಷ್ಮಜೀವಿಯು, ನೀರಿನಲ್ಲಿ ಬ್ರೋಮೈಡ್ ದೊರೆತಾಗ, ನರವಿಷವೊಂದನ್ನು ತಯಾರಿಸುತ್ತದೆ. ಎಲೆಯನ್ನು ತಿಂದ ನೀರುಕೋಳಿಗಳಿಗೆ ವಿಷವೇರುತ್ತದೆ. ನೀರುಕೋಳಿಯನ್ನು ತಿಂದ ಹದ್ದು ಸಾಯುತ್ತದೆ. ಗಿಡದಲ್ಲಿಯೇ ವಿಷವಿಲ್ಲ; ಆದರೆ ವಿಷಕ್ಕೆ ಆಸರೆಯಾದುದು ಆ ಗಿಡ.

೬. ಉಪಸಂಹಾರ

ಇಷ್ಟನ್ನೂ ತೂಗಿ ನೋಡಿದಾಗ, ‘ಅತ್ಯುತ್ತಮ ಗಿಡ’ ಎಂಬ ಒಂದೇ ಮಾತಿನಲ್ಲಿ ಎರಡು ಪ್ರಶ್ನೆಗಳು ಬೆರೆತಿರುವುದು ಕಾಣುತ್ತದೆ. ಇಂದಿನ ಬೆಳಗಿನ ಬೇಟೆಗೆ ಉತ್ತಮವಾದುದು ಯಾವುದು ಎಂಬುದೊಂದು. ಈ ನೀರಿಗೆ ಇಪ್ಪತ್ತು ವರ್ಷದ ಮೇಲೂ ಉತ್ತಮವಾದುದು ಯಾವುದು ಎಂಬುದಿನ್ನೊಂದು. ಮೊದಲನೆಯದಕ್ಕೆ ಉತ್ತರ: ಹಸಿರಾಗಿರುವ, ಮಧ್ಯಮ ದಟ್ಟಣೆಯ, ಆಳಕ್ಕೆ ಸಮೀಪವಾದ, ಅಂಚುಗಳುಳ್ಳ ಯಾವ ಗಿಡವಾದರೂ ಸರಿ, ಹೈಡ್ರಿಲ್ಲವು ಈಗಾಗಲೇ ಇರುವಲ್ಲಿ ಅದರ ಹೊರ ಅಂಚನ್ನು ಬೇಟೆಗಾರನು ಬಿಟ್ಟುಬಿಡಬೇಕಾಗಿಲ್ಲ. ಎರಡನೆಯದಕ್ಕೆ ಉತ್ತರ: ಆಯಾ ನೀರಿನ ದೇಶೀಯ ಗಿಡಗಳ ಮಿಶ್ರಣ. ಉತ್ತರದಲ್ಲಿ ಅಗಲೆಲೆಯ ಪೊಟಮೊಜೆಟನ್ ಮತ್ತು ಸೆರಟೋಫಿಲಮ್; ದಕ್ಷಿಣದಲ್ಲಿ ಬಲ್‌ರಷ್ ಮತ್ತು ವ್ಯಾಲಿಸ್‌ನೇರಿಯ. ಇವು ಚಪ್ಪರ ಹಾಕಿ ಇತರ ಗಿಡಗಳನ್ನು ಅಪರೂಪಕ್ಕೆ ಮಾತ್ರ ಅಡಗಿಸುತ್ತವೆ. ಮೀನಿಗೆ ಮರೆಯನ್ನೂ ದಾರಿಯನ್ನೂ ಕೊಡುತ್ತವೆ.

ಎರಡು ಉತ್ತರಗಳನ್ನೂ ಕೂಡಿಸುವ ಕರ್ತವ್ಯವೊಂದುಂಟು. ದೋಣಿಯ ಯಂತ್ರಕ್ಕೆ ಸುತ್ತಿಕೊಂಡ ಹೈಡ್ರಿಲ್ಲದ ಗೇಣುದ್ದದ ತುಂಡು ಮತ್ತೊಂದು ಸರೋವರವನ್ನು ತುಂಬಲು ಸಾಕು. ಆದುದರಿಂದ ನೀರಿನಿಂದ ದೋಣಿಯನ್ನು ಎತ್ತಿದೊಡನೆ ಅಂಟಿದ ಗಿಡವನ್ನೆಲ್ಲ ಕಿತ್ತು, ಒಳಗಿನ ನೀರನ್ನು ಚೆಲ್ಲಿ, ಒಣಗಿಸಬೇಕು. ಗಿಡವನ್ನು ಗುರುತಿಸುವುದು ಕಷ್ಟವಲ್ಲ. ಅಮೆರಿಕದ ದೇಶೀಯ ಎಲೋಡಿಯದಲ್ಲಿ ದಂಟಿನ ಸುತ್ತ ಸಾಮಾನ್ಯವಾಗಿ ಮೂರು ಮೂರು ನುಣುಪಾದ ಎಲೆಗಳು. ಹೈಡ್ರಿಲ್ಲದಲ್ಲಿ ಹೆಚ್ಚಾಗಿ ಐದು, ಅಂಚು ಗರಗಸದಂತೆ, ಬೆರಳಾಡಿಸಿದರೆ ತರಕಲು.

ನಮ್ಮ ಊರುಗಳ ಕೆರೆಗಳ ವಿಷಯದಲ್ಲಿ ಕಳಕಳಿಯುಳ್ಳವರಿಗೂ ಇಲ್ಲಿ ಒಂದು ಪಾಠವಿದೆ. ಕೆರೆಯೆಂದರೆ ಗಿಡವೊಂದೂ ಕಾಣದ ಕನ್ನಡಿಯಾಗಿರಬೇಕೆಂದು ಒಂದು ಪಕ್ಷ, ಬೆಳೆದುದೆಲ್ಲ ಪ್ರಕೃತಿಯೆಂದು ಬಿಟ್ಟುಬಿಡುವುದು ಇನ್ನೊಂದು ಪಕ್ಷ. ಕಾನ್ರೋ ಜಲಾಶಯದ ಬರಿದಾದ ತಳವು ಮೊದಲ ಪಕ್ಷಕ್ಕೂ, ಫ್ಲಾರಿಡಾದಲ್ಲಿ ಬಡಕಲಾದ ಬ್ಯಾಸುಗಳು ಎರಡನೆಯ ಪಕ್ಷಕ್ಕೂ ಉತ್ತರ ಹೇಳಿವೆ. ಯಾವ ಗಿಡ, ಎಷ್ಟು, ಎಲ್ಲಿ ಎಂಬುದನ್ನು ಅರಿತು ನಡೆಯುವುದೇ ಉಳಿದ ಮಾರ್ಗ. ನಮ್ಮ ನೀರಿನಲ್ಲಿ ಯಾರ ಗಮನಕ್ಕೂ ಬಾರದೆ ಬೆಳೆದ ಗಿಡವೊಂದು ದೂರದೇಶದವರಿಂದ ಅಷ್ಟೊಂದು ಸಂಶೋಧನೆಯನ್ನು ಮಾಡಿಸಿದೆ. ಅದರ ತವರಾದ ಕೆರೆಗಳಲ್ಲಿಯೇ ಅದನ್ನು ಕುರಿತು ಅಷ್ಟೇ ಶ್ರದ್ಧೆಯಿಂದ ನೋಡುವ ಕೆಲಸವು ಕನ್ನಡದ ಸಸ್ಯವಿಜ್ಞಾನಿಗಳಿಗೂ ಮತ್ಸ್ಯವಿಜ್ಞಾನಿಗಳಿಗೂ ತಕ್ಕ ಕೆಲಸವೇ ಆಗಿದೆ.